ಹದಿಮೂರನೆಯ ಅಕ್ಷರದ ಬಲಪಾದ

ಮಾರ್ಚ್ ೪

ಅಕ್ಕನಿಗೆ,

ಕವರಿನ ಮೇಲಿನ ಕೈಬರಹ ನೋಡಿ ಯಾರೋ ಹೋಗಿಬಿಟ್ಟಿರಬೇಕು ಅಂದುಕೊಂಡಿರುತ್ತೀಯ. ಯಾರೂ ಹೋಗಿಲ್ಲ. ನಲವತ್ತು ವರ್ಷದಲ್ಲಿ ನಮ್ಮಿಬ್ಬರ ನಡುವೆ ಕಾಗದ ಓಡಾಡಿದ್ದು ಹುಟ್ಟಿಗೆ, ಮದುವೆಗೆ, ಸಾವಿಗೆ ಮಾತ್ರ. ಈ ಸಲ ಮೂರರಲ್ಲಿ ಯಾವುದೂ ಅಲ್ಲ. ಫೋನ್ ಮಾಡಬಾರದಿತ್ತೇ ಅನ್ನಬೇಡ. ಅಚ್ಚಿನ ಮೊಳೆ ಎರಕ ಹೊಯ್ಯುವ ಯಂತ್ರಗಳ ಪಕ್ಕದಲ್ಲಿ ಮೂವತ್ತು ವರ್ಷ ಕೂತ ಕಿವಿ ಇದು. ಫೋನಿನಲ್ಲಿ ಯಾರೇ ಮಾತಾಡಲಿ, ಡಬ್ಬದೊಳಗೆ ಜೇನುಹುಳ ಬಿಟ್ಟ ಹಾಗೆ ಕೇಳಿಸುತ್ತದೆ.

ಕಳೆದ ಮಂಗಳವಾರ ನಮ್ಮ ಬಾಗಿಲಿಗೆ ಒಬ್ಬಳು ಹೆಣ್ಣುಮಗಳು ಬಂದಳು. ಮೂವತ್ತು ದಾಟಿರಬಹುದು. ಹೆಗಲಿಗೆ ಚೀಲ, ಕೈಯಲ್ಲಿ ಒಂದು ಭೂತಗನ್ನಡಿ. ಗಡಿಯಾರ ರಿಪೇರಿಯವಳೇನೋ ಅಂದುಕೊಂಡೆ. ಅಲ್ಲವಂತೆ. ಹಳೆಯ ಅಚ್ಚಿನ ಅಕ್ಷರಗಳನ್ನು ಕಂಪ್ಯೂಟರಿಗೆ ಹೊಂದುವಂತೆ ಹೊಸದಾಗಿ ಬರೆದುಕೊಡುವ ಆಫೀಸಿನಲ್ಲಿ ಕೆಲಸವಂತೆ. ಆಸ್ಪತ್ರೆ, ಬಸ್ಸು, ಗ್ರಂಥಾಲಯ ಎಲ್ಲದರ ಬೋರ್ಡುಗಳನ್ನೂ ಬದಲಾಯಿಸುತ್ತಾರಂತೆ, ಆದರೆ ಜನರ ಕಣ್ಣಿಗೆ ಒಗ್ಗಿದ ಅಕ್ಷರಶೈಲಿಯೇ ಇರಲಿ ಎಂದು ತೀರ್ಮಾನವಾಗಿದೆಯಂತೆ. ಆ ಶೈಲಿ ಯಾವುದು ಹೇಳು. ನಮ್ಮ ಅತ್ತಿಗೆ.

ನಿನಗೆ ನೆನಪಿದೆಯಲ್ಲ, ಎರಕದ ಮನೆಯಲ್ಲಿ ಆ ಅಕ್ಷರಕ್ಕೆ ನಾವಿಟ್ಟ ಹೆಸರು. ಮನೆಗೆ ಬಂದ ಅತ್ತಿಗೆಯ ಹಾಗೆ, ಎದ್ದು ಕಾಣುವುದಿಲ್ಲ, ಆದರೆ ಎಲ್ಲವೂ ಅವಳ ಮೇಲೇ ನಿಂತಿರುತ್ತದೆ. ಅಕ್ಷರದ ಪ್ರತಿ ನಿಂತ ಗೆರೆಗೂ, ನಮ್ಮ ಮಾತಲ್ಲಿ ಕಂಬಕ್ಕೂ, ಕೆಳಗೆ ಪುಟ್ಟ ಪಾದ. ಅದಕ್ಕೆ ಸೆರಿಫ್ ಅನ್ನಬೇಕಂತೆ, ಅವಳು ಹೇಳಿಕೊಟ್ಟಳು. ಇಷ್ಟು ವರ್ಷ ಪಾದ ಅಂದುಕೊಂಡೇ ಕೊರೆದೆವಲ್ಲ, ಏನೂ ಕೆಡಲಿಲ್ಲ ಅಂದೆ. ನಕ್ಕಳು. ಭಾವ ಹಾಳೆಯ ಮೇಲೆ ಬರೆಯುತ್ತಿದ್ದರು, ನಾನು ಅದನ್ನು ನೋಡಿಕೊಂಡು ಉಕ್ಕಿನ ತುದಿಯಲ್ಲಿ ಕೊರೆಯುತ್ತಿದ್ದೆ ಎಂದು ಅವಳಿಗೆ ವಿವರಿಸಿದೆ.

ಆಮೇಲೆ ಅವಳು ಮೇಜಿನ ಮೇಲೆ ಒಂದು ದೊಡ್ಡ ಚಿತ್ರ ಹರಡಿದಳು. ಅತ್ತಿಗೆಯ ಹದಿಮೂರನೆಯ ಅಕ್ಷರ. ಎರಡು ಕಂಬ, ಎರಡು ಪಾದ. ಬಲಪಾದ ಎಡದ್ದಕ್ಕಿಂತ ಗಿಡ್ಡ.

"ಇದನ್ನ ಯಾರು ಯೋಚಿಸಿದ್ದು ತಾತ?"

"ಯಾಕಮ್ಮ?"

"ನಮ್ಮ ಆಫೀಸಲ್ಲಿ ಎಲ್ಲರಿಗೂ ಇದೇ ಅಚ್ಚುಮೆಚ್ಚು. ಈ ಪಾದ ಗಿಡ್ಡ ಇರೋದ್ರಿಂದಲೇ ಮುಂದಿನ ಅಕ್ಷರಕ್ಕೆ ಸ್ವಲ್ಪ ಸರಿದು ಜಾಗ ಕೊಟ್ಟ ಹಾಗಿದೆ. ಬರೆದೋರು ಬೇಕಂತಲೇ ಹೀಗೆ ಮಾಡಿದಾರೆ. ಅವರು ಇದಾರಾ?"

ಇದ್ದಾರೆ, ಆದರೆ ಮುನ್ನೂರು ಕಿಲೋಮೀಟರ್ ದೂರದಲ್ಲಿದ್ದಾರೆ ಅಂದೆ. ಸೆಪ್ಟೆಂಬರಿನಲ್ಲಿ ಅವರ ಆಫೀಸು ಒಂದು ಸಣ್ಣ ಸಭೆ ಮಾಡುತ್ತದಂತೆ. ಭಾವನನ್ನು ಕರೆಸಿ, ಆ ಪಾದದ ಬಗ್ಗೆ ಮಾತಾಡಿಸಿ, ದಾಖಲೆ ಪುಸ್ತಕದಲ್ಲಿ ಬರೆಯಬೇಕಂತೆ. ನಿಮ್ಮ ವಿಳಾಸ ಕೊಟ್ಟಿದ್ದೇನೆ.

ಯಾವ ಪಾದಕ್ಕಾಗಿ ಭಾವನನ್ನು ಕೆಲಸದಿಂದ ಕಳಿಸಿದರೋ ಅದೇ ಪಾದವನ್ನು ಈಗ ಹೊಗಳುತ್ತಿದ್ದಾರೆ ಎಂದು ಅವರಿಗೆ ಹೇಳು. ನಾನು ನೇರವಾಗಿ ಬರೆದರೆ ಕವರನ್ನೇ ಒಡೆಯುವುದಿಲ್ಲ, ಅದಕ್ಕೆ ನಿನಗೆ ಬರೆದೆ.

ನಿನ್ನ ತಮ್ಮ

———

ಮಾರ್ಚ್ ೧೯

ಚಿಕ್ಕೋನೇ,

ಅರವತ್ತಾರು ತುಂಬಿದವನನ್ನು ಹೀಗೆ ಕರೆಯಬಾರದು. ಆದರೆ ಸಿಟ್ಟಿನಲ್ಲಿ ಬೇರೆ ಹೆಸರು ಬಾಯಿಗೆ ಬರುವುದಿಲ್ಲ.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು "ಊಟಕ್ಕೆ ಹಾಕು" ಅಂದರು. ಗಂಟೆ ಇನ್ನೂ ಹತ್ತು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಎರಡು ಗಂಟೆ ಪತ್ತೆಯಿಲ್ಲ.

"ಎಲ್ಲಿಗೆ ಹೋಗಿದ್ರಿ?"

"ಔಷಧಿ ಅಂಗಡಿಗೆ."

"ಏನು ತಂದ್ರಿ?"

"ಏನೂ ಇಲ್ಲ. ಬೋರ್ಡ್ ನೋಡ್ದೆ."

ಇದರ ತೂಕ ನಿನಗೆ ಗೊತ್ತಾಗಬೇಕಾದರೆ ಈ ಮನೆಯಲ್ಲಿ ನಲವತ್ತು ವರ್ಷ ಹೇಗೆ ಕಳೆಯಿತು ಅಂತ ಗೊತ್ತಿರಬೇಕು. ಎರಕದ ಮನೆ ಬಿಟ್ಟು ಈ ಊರಿಗೆ ಬಂದ ಮೇಲೆ ಅವರು ಹುಡುಕಿಕೊಂಡ ಕೆಲಸ ಯಾವುದು ಗೊತ್ತಾ? ನೀರಿನ ಮೀಟರ್ ಓದುವುದು. ಯಾಕೆ ಅಂತ ಕೇಳಿದ್ದಕ್ಕೆ "ಅದರಲ್ಲಿ ಬರೀ ಅಂಕಿ ಇರುತ್ತೆ" ಅಂದರು. ನಿಮ್ಮ ಅತ್ತಿಗೆಯ ಅಕ್ಷರದಲ್ಲಿ ಅಚ್ಚಾದ ಯಾವುದನ್ನೂ ಅವರು ಓದುವುದಿಲ್ಲ. ಬಸ್ ನಿಲ್ದಾಣದಲ್ಲಿ ಬೋರ್ಡಿಗೆ ಬೆನ್ನು ಹಾಕಿ ಕೂರುತ್ತಾರೆ, ಪಕ್ಕದವರನ್ನು ಕೇಳಿ ಬಸ್ ಹತ್ತುತ್ತಾರೆ. ಜನ ಓದು ಬರದವರು ಅಂದುಕೊಳ್ಳುತ್ತಾರೆ. ಕ್ಯಾಲೆಂಡರನ್ನು ಗೋಡೆಯ ಕಡೆ ತಿರುಗಿಸಿ ನೇತುಹಾಕಿದ್ದಾರೆ, ತಾರೀಖು ಬೇಕಾದರೆ ನಾನು ಎತ್ತಿ ನೋಡಬೇಕು. ಮಾತ್ರೆಗಳನ್ನು ಡಬ್ಬಿಯಿಂದ ತೆಗೆದು ಬರಿಯ ಬಾಟಲಿಗೆ ಸುರಿದುಕೊಳ್ಳುತ್ತಾರೆ. ಹೋದ ವರ್ಷ ಒಂದು ವಾರ ನನ್ನ ಥೈರಾಯಿಡ್ ಮಾತ್ರೆಯನ್ನು ತಮ್ಮ ರಕ್ತದೊತ್ತಡಕ್ಕೆ ನುಂಗಿದ್ದರು. ನಾನು ಅವರದ್ದು ನುಂಗಿದ್ದೆ. ಇಬ್ಬರೂ ಬದುಕಿದ್ದೇವೆ ಅನ್ನುವುದು ಡಾಕ್ಟರಿಗೇ ಆಶ್ಚರ್ಯ.

ಅಂಥವರು ಹೋಗಿ ಬೋರ್ಡ್ ನೋಡಿದರು.

ನಿನ್ನ ಮೇಲೆ ನನಗಿದ್ದ ಸಿಟ್ಟು ಒಂದೇ. ಎರಕದ ಮನೆಯ ಯಜಮಾನರು ಎಲ್ಲರೆದುರು ಇವರನ್ನು "ಹಾಳೆಯಲ್ಲೇ ತಪ್ಪು ಬರೆದಿದ್ದೀಯ, ಸಿಕ್ಕಿಬೀಳುತ್ತೀಯ ಅಂತ ಹಾಳೆಯನ್ನೂ ಕಳೆದುಹಾಕಿದ್ದೀಯ" ಎಂದು ಬೈದು ಕಳಿಸಿದಾಗ, ನೀನು ಬೆಂಚಿನ ಮುಂದೆ ತಲೆ ಬಗ್ಗಿಸಿಕೊಂಡು ಕೂತೇ ಇದ್ದೆಯಂತೆ. ಒಂದು ಮಾತು ಆಡಬಹುದಿತ್ತು. "ನಮ್ಮ ಭಾವ ಅಂಥವರಲ್ಲ" ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಇಷ್ಟು ವರ್ಷದ ಮೇಲಾದರೂ ಅದಕ್ಕೆ ಉತ್ತರ ಕೊಡು.

ಅಕ್ಕ

———

ಏಪ್ರಿಲ್ ೬

ಅಕ್ಕನಿಗೆ,

ನಿನ್ನ ಕಾಗದ ಬಂದ ಮೇಲೆ ನನಗೂ ಒಂದು ಹುಚ್ಚು ಹಿಡಿಯಿತು. ಭಾವ ನಿಮ್ಮೂರಲ್ಲಿ ಎಂಥೆಂಥ ಬೋರ್ಡುಗಳಿಗೆ ಮುಖ ತಿರುಗಿಸಿಕೊಂಡು ಓಡಾಡಿರಬಹುದು ಎಂದು ನೋಡಿಕೊಂಡು ಬರೋಣ ಅಂತ ನಮ್ಮ ಊರೊಳಗೇ ಹೊರಟೆ. ಒಂದು ಬೀದಿಯೂ ಮುಗಿಯಲಿಲ್ಲ, ಸಾಕಾಯಿತು. ಲಿಫ್ಟಿನಲ್ಲಿ "ಎಂಟು ಜನರಿಗೆ ಮಾತ್ರ", ಈಜುಕೊಳದ ಅಂಚಿನಲ್ಲಿ "ಆಳವಿದೆ", ಗ್ರಂಥಾಲಯದಲ್ಲಿ "ಮೌನ", ಹೆರಿಗೆ ಆಸ್ಪತ್ರೆಯಲ್ಲಿ ಮಗುವಿನ ಕಾಲಿಗೆ ಕಟ್ಟುವ ಚೀಟಿ. ಅದರಿಂದ ನಾಲ್ಕು ಹೆಜ್ಜೆ ಆಚೆಗೆ ಕಲ್ಲು ಕೆತ್ತುವವನ ಅಂಗಡಿ. ಸಮಾಧಿಯ ಕಲ್ಲಿನ ಮೇಲೂ ಅದೇ ಅತ್ತಿಗೆ. ಹುಟ್ಟಿದವನನ್ನೂ ಅವಳೇ ಎತ್ತಿಕೊಳ್ಳುತ್ತಾಳೆ, ಹೋದವನನ್ನೂ ಅವಳೇ ಕಳಿಸುತ್ತಾಳೆ. ಹಿಟ್ಟಿನ ಚೀಲ, ಶಾಲೆಯ ನಕಾಶೆ ಪುಸ್ತಕ, ಬಾಡಿಗೆ ಕರಾರು, ಪರೀಕ್ಷೆಯ ಪ್ರಶ್ನೆಪತ್ರಿಕೆ. ಎಲ್ಲ ಕಡೆ ನಾನು ಹುಡುಕುವುದು ಒಂದನ್ನೇ. ಹದಿಮೂರನೆಯದು ಸಿಕ್ಕಿತೋ, ಬಗ್ಗಿ ಬಲಪಾದ ನೋಡುತ್ತೇನೆ. ಗಿಡ್ಡ. ಎಲ್ಲ ಕಡೆಯೂ ಗಿಡ್ಡ. ಆಮೇಲೆ ಬಂದ ಯಂತ್ರಗಳು ನನ್ನ ಒಂದೇ ಅಚ್ಚನ್ನು ಇಟ್ಟುಕೊಂಡು ದೊಡ್ಡದು ಚಿಕ್ಕದು ಮಾಡಿಕೊಂಡವಲ್ಲ, ಒಂದರ ಗುಣ ಸಂತಾನಕ್ಕೆಲ್ಲ ಬಂತು.

ಒಂದು ತಮಾಷೆ ಹೇಳುತ್ತೇನೆ. ಕಣ್ಣಿನ ಡಾಕ್ಟರ ಹತ್ತಿರ ಸೊಸೆ ಕರೆದುಕೊಂಡು ಹೋಗಿದ್ದಳು. ಗೋಡೆಯ ಮೇಲಿನ ಪಟ್ಟಿಯೂ ನಮ್ಮದೇ ಅಕ್ಷರ. "ಕೊನೇ ಸಾಲು ಓದಿ" ಅಂದರು. ನನಗೆ ಕಂಡದ್ದು ಇರುವೆ ಸಾಲು. ಆದರೆ ಒಂದೊಂದು ಇರುವೆಯ ಮೈಕಟ್ಟೂ ನನಗೆ ಗೊತ್ತು, ಗಟಗಟ ಓದಿಬಿಟ್ಟೆ. "ಈ ವಯಸ್ಸಲ್ಲಿ ಇಂಥ ಕಣ್ಣೇ" ಅಂತ ಬೆರಗಾಗಿ ಕನ್ನಡಕ ಬೇಡ ಎಂದು ಕಳಿಸಿದರು. ಮನೆಗೆ ಬರುತ್ತ ಮೆಟ್ಟಿಲು ಕಾಣದೆ ಎಡವಿದೆ. ಸೊಸೆ ಇನ್ನೂ ಬೈಯುತ್ತಿದ್ದಾಳೆ.

ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಈ ಕಾಗದದಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ

———

ಮೇ ೩೦

ಚಿಕ್ಕೋನೇ,

ಹಾಳೆಯ ಹಿಂಭಾಗ ಪೂರ್ತಿ ಖಾಲಿ ಬಿಟ್ಟು ಜಾಗ ಮುಗಿಯಿತು ಅಂತ ಬರೆಯುವವನು ನೀನೊಬ್ಬನೇ ಇರಬೇಕು. ಇರಲಿ. ಸಿಟ್ಟು ಮಾಡಿಕೊಳ್ಳಲು ನನಗೆ ಈಗ ಪುರುಸೊತ್ತಿಲ್ಲ.

ಈ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ನೀನು ಬಂದು ನೋಡಬೇಕು. ಆ ಆಫೀಸಿನ ಹೆಣ್ಣುಮಗಳು ಇಲ್ಲಿಗೂ ಬಂದಿದ್ದಳು. ಅರ್ಧ ದಿನ ಕೂತಳು. ಅವಳು ಹೋದ ಮೇಲೆ ಇವರು ಕ್ಯಾಲೆಂಡರನ್ನು ಮುಖ ಮುಂದಕ್ಕೆ ತಿರುಗಿಸಿ ಹಾಕಿದರು. ಮೊಳೆಯ ಹತ್ತಿರ ಗೋಡೆ ಬಣ್ಣ ಬೇರೆಯೇ ಇತ್ತು. ಈಗ ಕಂಡದ್ದನ್ನೆಲ್ಲ ಓದುತ್ತಾರೆ. ಸೋಪಿನ ಪೊಟ್ಟಣ ಓದುತ್ತಾರೆ. ಬಸ್ ಟಿಕೆಟ್ ಹಿಂದಿನ ನಿಯಮಾವಳಿ ಓದಿ ಕಂಡಕ್ಟರನಿಗೆ ವಿವರಿಸುತ್ತಾರೆ. ಪಕ್ಕದ ಮನೆಯ ಟೀಚರನ್ನು ಕರೆದು ತೋರಿಸುತ್ತಾರೆ.

"ಟೀಚರೇ, ನೀವು ದಿನಾ ಮಕ್ಕಳಿಗೆ ಓದಿಸ್ತೀರಲ್ಲ, ಈ ಪಾದ ಯಾಕೆ ಗಿಡ್ಡ ಹೇಳಿ ನೋಡೋಣ."

"ನಾನು ನೋಡೇ ಇರಲಿಲ್ಲವಲ್ಲ ಅಂಕಲ್."

"ನೋಡಬಾರದು. ನೋಡಿದರೆ ನಾನು ಸೋತ ಹಾಗೆ."

ನಮ್ಮ ಮದುವೆಯ ಹೊಸದರಲ್ಲಿ ಹೀಗೆ ಮಾತಾಡುತ್ತಿದ್ದರು. ಆಮೇಲೆ ನಾನು ಕೇಳಿರಲಿಲ್ಲ.

ಮೊದಮೊದಲು "ಬಹುಶಃ ಬೇಕಂತಲೇ ಗಿಡ್ಡ ಬಿಟ್ಟಿದ್ದೆನೇನೋ" ಅನ್ನುತ್ತಿದ್ದರು. ಹತ್ತು ದಿನ ಕಳೆದ ಮೇಲೆ ಆ "ಬಹುಶಃ" ಉದುರಿತು. ಈಗ "ಏನೋ" ಕೂಡ ಇಲ್ಲ. ಯಾಕೆ ಹಾಗೆ ಬಿಟ್ಟೆ ಅನ್ನುವುದಕ್ಕೆ ನಾಲ್ಕು ಕಾರಣ ಕೊಡುತ್ತಾರೆ. ಸೆಪ್ಟೆಂಬರಿನ ಸಭೆಗೆ ಭಾಷಣ ಅಭ್ಯಾಸ ಮಾಡುತ್ತಾರೆ. ಹೊಲಿಗೆ ಯಂತ್ರದ ಮುಂದೆ ಕೂತ ನಾನೇ ಸಭಿಕರು. ಚಪ್ಪಾಳೆ ತಟ್ಟದಿದ್ದರೆ ಮೊದಲಿಂದ ಶುರು ಮಾಡುತ್ತಾರೆ. ಎಪ್ಪತ್ತನಾಲ್ಕರ ಗಂಡನಿಗೆ ಹೊಸ ಅಂಗಿ ಹೊಲಿಯುತ್ತಿದ್ದೇನೆ.

ಕೊರಗು ಒಂದೇ ಉಳಿದಿದೆ. "ಆ ಹಾಳೆ ಇದ್ದಿದ್ದರೆ ಸಭೆಯಲ್ಲಿ ಎತ್ತಿ ತೋರಿಸಬಹುದಿತ್ತು" ಅಂತ. ಎರಕದ ಮನೆ ಮುಚ್ಚಿದಾಗ ಹಳೆಯ ಕಟ್ಟುಗಳೆಲ್ಲ ಎಲ್ಲಿಗೆ ಹೋದವು? ನೀನು ಅದೇ ಊರಿನಲ್ಲಿದ್ದೀಯ. ಯಜಮಾನರ ಮಕ್ಕಳನ್ನು ಒಂದು ಮಾತು ಕೇಳಿ ನೋಡು. ಇಷ್ಟು ಮಾಡಿದರೆ ನಾನು ಹಳೆಯದನ್ನು ಮರೆತುಬಿಡುತ್ತೇನೆ. ನಿಜವಾಗಿಯೂ.

ಅಕ್ಕ

———

ಜೂನ್ ೧೨

ಅಕ್ಕನಿಗೆ,

ಯಜಮಾನರ ಮಕ್ಕಳನ್ನು ಕೇಳಬೇಕಾಗಿಲ್ಲ. ಆ ಹಾಳೆ ನನ್ನ ಹತ್ತಿರ ಇದೆ. ಟ್ರಂಕಿನ ತಳಕ್ಕೆ ಹಾಸಿದ ಕಾಗದದ ಅಡಿಯಲ್ಲಿ.

ಅದರಲ್ಲಿ ಬಲಪಾದ ಪೂರ್ತಿ ಇದೆ. ಎಡದ್ದು ಎಷ್ಟಿದೆಯೋ ಬಲದ್ದೂ ಅಷ್ಟೇ. ಭಾವ ಗಿಡ್ಡ ಬರೆಯಲಿಲ್ಲ. ಬೇಕಂತಲೂ ಅಲ್ಲ, ತಪ್ಪಿಯೂ ಅಲ್ಲ.

ಅವತ್ತು ಶುಕ್ರವಾರ. ಶನಿವಾರ ಅಚ್ಚುಗಳನ್ನೆಲ್ಲ ಎರಕಕ್ಕೆ ಕೊಡಬೇಕಿತ್ತು, ಶಾಲೆಯ ಪುಸ್ತಕಗಳ ಕೆಲಸ ಕಾದಿತ್ತು. ಉಳಿದಿದ್ದದ್ದು ಹದಿಮೂರನೆಯದೊಂದು. ಉಕ್ಕಿನ ತುದಿಯಲ್ಲಿ ಅಕ್ಷರ ಮುಗಿದಿತ್ತು, ಅಂಚು ಉಜ್ಜಲು ಕೊನೆಯ ಸಲ ಅರ ಆಡಿಸುತ್ತಿದ್ದೆ. ಒಂದು ಸಲ ಹೆಚ್ಚು ಎಳೆದೆ. ಪಾದದ ತುದಿ ಹೋಯಿತು. ಕೂದಲಿನಷ್ಟು. ಉಕ್ಕಿಗೆ ಕಳೆಯುವುದು ಗೊತ್ತು, ಕೂಡುವುದು ಗೊತ್ತಿಲ್ಲ. ಹೊಸದಾಗಿ ಕೊರೆಯಲು ಮೂರು ದಿನ ಬೇಕು. ಯಾರಿಗೆ ಕಾಣುತ್ತದೆ ಅಂದುಕೊಂಡು ಕೊಟ್ಟುಬಿಟ್ಟೆ.

ಯಜಮಾನರ ಭೂತಗನ್ನಡಿಗೆ ಕಂಡಿತು. ಅಷ್ಟರಲ್ಲಿ ನಲವತ್ತು ಪೆಟ್ಟಿಗೆ ಮೊಳೆ ಎರಕವಾಗಿತ್ತು. ಬೆಂಚಿನ ಹತ್ತಿರ ಬಂದು "ಇದೇನಯ್ಯ" ಅಂದರು. "ಹಾಳೆಯಲ್ಲಿ ಹೇಗಿದೆಯೋ ಹಾಗೆ ಕೊರೆದಿದೀನಿ" ಅಂದೆ. ಅಷ್ಟೇ ಅಂದದ್ದು. "ಹಾಳೆ ತಗೊಂಡು ಬಾ" ಅಂದರು. ಕಟ್ಟಿನಿಂದ ಅದೊಂದನ್ನು ಎಳೆದು ಅಂಗಿಯೊಳಗೆ ಸೇರಿಸಿಕೊಂಡು ಉಳಿದದ್ದನ್ನು ತಂದುಕೊಟ್ಟೆ. ಹದಿಮೂರನೆಯದು ಇರಲಿಲ್ಲ. ತಪ್ಪು ಮುಚ್ಚಲು ಬರೆದವನೇ ಕದ್ದಿದ್ದಾನೆ ಎಂದು ಅವರೇ ತೀರ್ಮಾನ ಮಾಡಿದರು. ಬೀಸುವ ದೊಣ್ಣೆ ತಪ್ಪಿದರೆ ನೂರು ವರ್ಷ ಆಯುಸ್ಸು ಅನ್ನುತ್ತಾರೆ. ತಪ್ಪಿಸಿಕೊಂಡವನ ಹಿಂದೆ ಯಾರು ನಿಂತಿದ್ದರು ಅಂತ ಆ ಗಾದೆ ಹೇಳುವುದಿಲ್ಲ.

ತಲೆ ಬಗ್ಗಿಸಿಕೊಂಡು ಕೂತಿದ್ದೆ ಅಂದೆಯಲ್ಲ. ಎದೆಯ ಮೇಲೆ ಹಾಳೆ ಇತ್ತು ಅಕ್ಕ. ನೆಟ್ಟಗೆ ಕೂತರೆ ಸದ್ದಾಗುತ್ತಿತ್ತು.

ಆ ಹೆಣ್ಣುಮಗಳು ಬಂದು ಹೊಗಳಿದಾಗ, ಒಳ್ಳೆಯದೇ ಆಯಿತು, ಕಳೆದುಹೋದ ಮರ್ಯಾದೆ ಭಾವನಿಗೆ ಹಿಂದಕ್ಕೆ ಬರುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ ಅಂದುಕೊಂಡೆ. ಈಗ ಅವರು ಅದೇ ಸುಳ್ಳಿನ ಮೇಲೆ ಅಂಗಿ ಹೊಲಿಸಿಕೊಳ್ಳುತ್ತಿದ್ದಾರೆ. ಹೇಳಿದರೆ ಅವರ ಸಂತೋಷ ಹೋಗುತ್ತದೆ. ಹೇಳದಿದ್ದರೆ ಸಭೆಯಲ್ಲಿ ನಿಂತು ಮಾಡದ್ದನ್ನು ಮಾಡಿದೆ ಅನ್ನುತ್ತಾರೆ. ಬಿಸಿ ತುಪ್ಪ, ನುಂಗಲೂ ಆಗುತ್ತಿಲ್ಲ, ಉಗುಳಲೂ ಆಗುತ್ತಿಲ್ಲ. ಅವರಿಗೆ ಹೇಳಬೇಕೋ ಬೇಡವೋ ನೀನೇ ನಿರ್ಧಾರ ಮಾಡು. ನೀನು ಬೇಡ ಅಂದರೆ ಹಾಳೆಯನ್ನು ಒಲೆಗೆ ಹಾಕುತ್ತೇನೆ.

ನಿನ್ನ ತಮ್ಮ

———

ಜೂನ್ ೨೦

ನಿನ್ನ ಕಾಗದ ಇದರ ಜೊತೆಗಿದೆ, ವಾಪಸು.

ಚಿಕ್ಕಂದಿನಲ್ಲಿ ಗಾಜಿನ ಲೋಟ ಒಡೆದಾಗ ಚೂರು ತಂದು ನನ್ನ ಕೈಯಲ್ಲಿಟ್ಟು ಹೊರಗೆ ಓಡುತ್ತಿದ್ದೆ. ಅಮ್ಮ ಬಂದು ನೋಡುವಾಗ ಚೂರು ನನ್ನ ಕೈಯಲ್ಲಿರುತ್ತಿತ್ತು. ಈಗಲೂ ಅದನ್ನೇ ಮಾಡಲು ಹೊರಟಿದ್ದೀಯ.

ನಾನು ನಿರ್ಧಾರ ಮಾಡುವುದಿಲ್ಲ. ಅವರಿಗೂ ಹೇಳಿಲ್ಲ. ಪಕ್ಕದ ಕೋಣೆಯಲ್ಲಿ ಭಾಷಣ ನಡೆಯುತ್ತಿದೆ, ನಾನಿಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇವತ್ತು ನಾನು ಚಪ್ಪಾಳೆ ತಟ್ಟಲಿಲ್ಲ, ಯಾಕೆ ಅಂತ ಕೇಳಿದರು. ಕೈ ನೋಯುತ್ತಿದೆ ಅಂದೆ. ನಾನು ಅವರಿಗೆ ಸುಳ್ಳು ಹೇಳಿದ್ದು ಇದೇ ಮೊದಲಲ್ಲ, ಆದರೆ ಹೀಗೆ ಚುಚ್ಚಿದ್ದು ಮೊದಲು.

ಕವರಿನ ಮೇಲೆ ಅವರ ವಿಳಾಸ ಬರೆ. ಹಾಳೆ ಒಳಗಿಡು. ಒಲೆಯ ಹತ್ತಿರ ಹೋಗಬೇಡ.

———

ಜುಲೈ ೨

ಭಾವನವರಿಗೆ,

ಇದರ ಜೊತೆ ಎರಡು ಕಾಗದ ಇವೆ. ಒಂದು ನಿಮ್ಮ ಕೈಯ ಹಾಳೆ, ಹದಿಮೂರನೆಯ ಅಕ್ಷರ. ಇನ್ನೊಂದು ನಾನು ಅಕ್ಕನಿಗೆ ಬರೆದು ಅವಳು ವಾಪಸು ಕಳಿಸಿದ್ದು. ನಡೆದದ್ದು ಅದರಲ್ಲಿದೆ. ಅದನ್ನೇ ಇನ್ನೊಮ್ಮೆ ಚೆಂದ ಮಾಡಿ ಬರೆಯೋಣ ಅಂತ ಮೂರು ಸಲ ಕೂತೆ. ಚೆಂದ ಮಾಡಿದಷ್ಟೂ ನನ್ನ ತಪ್ಪು ಸಣ್ಣದಾಗುತ್ತ ಬಂತು. ಅದಕ್ಕೆ ಹಳೆಯದನ್ನೇ ಇಟ್ಟಿದ್ದೇನೆ.

ಹಾಳೆ ಇದೊಂದೇ. ಪ್ರತಿ ಇಲ್ಲ, ಸಾಕ್ಷಿ ಇಲ್ಲ, ಯಜಮಾನರೂ ಇಲ್ಲ. ಆ ಆಫೀಸಿನವಳಿಗೆ ನಾನು ಏನೂ ಹೇಳಿಲ್ಲ. ನೀವು ಹೇಳು ಅಂದರೆ ಸಭೆಗೇ ಬಂದು ಎಲ್ಲರೆದುರು ಹೇಳುತ್ತೇನೆ. ಹೇಳಬೇಡ ಅಂದರೆ ಬಾಯಿ ಬಿಡುವುದಿಲ್ಲ, ನೀವು ಸಿದ್ಧ ಮಾಡಿಕೊಂಡದ್ದನ್ನೇ ಮಾತಾಡಿ. ಆ ಹೊಗಳಿಕೆ ನಿಮಗೆ ಸಲ್ಲಬೇಕಾದದ್ದರಲ್ಲಿ ಕಾಲುಭಾಗವೂ ಅಲ್ಲ. ಇದನ್ನು ನಿಮ್ಮನ್ನು ಸಮಾಧಾನ ಮಾಡಲು ಬರೆದದ್ದಲ್ಲ.

ನಿಮ್ಮ ಕೈ ಸರಿಯಾಗಿಯೇ ಬರೆದಿತ್ತು.

ತಪ್ಪು ಮಾಡಿದವನು

———

ಆಗಸ್ಟ್ ೯

ಚಿಕ್ಕೋನೇ,

ಅವರು ಬರೆಯುವುದಿಲ್ಲ, ನಾನೇ ಬರೆಯುತ್ತಿದ್ದೇನೆ. ತಿಂಗಳಾಯಿತು. ಕಾಗದ ಓದಿದ ದಿನ ನನ್ನನ್ನು ನೋಡಿ "ನಿನಗೆ ಗೊತ್ತಿತ್ತಾ" ಅಂದರು. "ಜೂನಿನಿಂದ" ಅಂದೆ. ತಲೆಯಾಡಿಸಿದರು. ಬೈದಿದ್ದರೆ ಸುಲಭವಿತ್ತು.

ಭಾಷಣ ನಿಂತಿದೆ. ಕಿಟಕಿಯ ಹತ್ತಿರ ಮೇಜು ಎಳೆದುಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರುತ್ತಾರೆ. ಬಾಗಿಲು ಹಾಕಿರುತ್ತದೆ. ನಾನು ಕಾಫಿ ಕೊಡಲು ಹೋದರೆ ಏನೋ ಕಾಗದದ ಮೇಲೆ ಕೈ ಮುಚ್ಚಿಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಪಕ್ಕದವನು ನೋಡಿಬಿಟ್ಟಾನು ಅನ್ನುವವರ ಹಾಗೆ. ಮೊನ್ನೆ ಅಂಚೆಯವನನ್ನು ಒಳಗೆ ಕರೆದುಕೊಂಡು ಹೋಗಿ ಐದು ನಿಮಿಷ ಬಿಟ್ಟು ಕಳಿಸಿದರು. ಅವನು ಹೊರಗೆ ಬಂದು ನನ್ನ ಮುಖ ನೋಡಿ ನಕ್ಕುಕೊಂಡು ಹೋದ. ಏನಪ್ಪಾ ಅಂದರೆ "ಹೇಳಬಾರದಂತೆ" ಅಂದ.

ಸಭೆಗೆ ಹೋಗುತ್ತಾರೋ ಇಲ್ಲವೋ ಗೊತ್ತಿಲ್ಲ. ಅಂಗಿಗೆ ಗುಂಡಿ ಹಾಕುವುದೊಂದು ಬಾಕಿ. ಹಾಕಲೋ ಬೇಡವೋ ಅಂತ ಕೇಳುವ ಧೈರ್ಯ ನನಗಿಲ್ಲ.

ನೀನು ಸದ್ಯಕ್ಕೆ ಏನೂ ಬರೆಯಬೇಡ. ನೀನು ಊಟ ಸರಿಯಾಗಿ ಮಾಡುತ್ತಿದ್ದೀಯಾ ಅಂತ ಮಾತ್ರ ಒಂದು ಸಾಲು ಹಾಕು, ನನಗೆ.

ಅಕ್ಕ

———

ಸೆಪ್ಟೆಂಬರ್ ೨೮

ಬರೆಯುವುದು ತಡವಾಯಿತು. ಸಭೆ ಮುಗಿದು ನಾಲ್ಕು ದಿನವಾಯಿತು.

ನಿನ್ನ ಕವರಿನಿಂದ ಹಾಳೆ ತೆಗೆದ ದಿನ ಮೊದಲು ಮಾಡಿದ ಕೆಲಸ ಅಳತೆಪಟ್ಟಿ ಇಟ್ಟು ನೋಡಿದ್ದು. ಎಡಪಾದ ಹದಿನೆಂಟು ಮಿಲಿಮೀಟರ್, ಬಲಪಾದವೂ ಹದಿನೆಂಟು. ಅಂಚಿನಲ್ಲಿ ನನ್ನ ಪೆನ್ಸಿಲಿನ ಅಂಕಿ. ಮೂರು ಸಲ ಅಳೆದೆ.

ನಿನಗೆ ಒಂದು ವಿಷಯ ಗೊತ್ತಿಲ್ಲ, ನಿನ್ನ ಅಕ್ಕನಿಗೂ ಹೇಳಿರಲಿಲ್ಲ. ಯಜಮಾನರು ನನ್ನ ಹಾಳೆಯಲ್ಲೇ ತಪ್ಪಿದೆ ಅಂದಾಗ ನಾನು ನಂಬಲಿಲ್ಲ. ನನ್ನ ಕೈ ನನಗೆ ಗೊತ್ತಿತ್ತು. ಆದರೆ ತೋರಿಸಲು ಹಾಳೆ ಇಲ್ಲದಿದ್ದರೆ ಮನುಷ್ಯನಿಗೆ ತನ್ನ ಕೈಯ ಮೇಲೆ ಎಷ್ಟು ದಿನ ನಂಬಿಕೆ ಇರುತ್ತದೆ? ನನಗೆ ಎರಡು ವರ್ಷ ಇತ್ತು. ಆಮೇಲೆ ಒಂದು ದಿನ, ಯಾರದೋ ಹಿತ್ತಿಲಲ್ಲಿ ಬಗ್ಗಿ ಮೀಟರ್ ಓದುತ್ತಿದ್ದಾಗ, ನಾನೇ ತಪ್ಪು ಬರೆದಿರಬೇಕು ಅನ್ನಿಸಿತು. ಅವತ್ತಿನಿಂದ ಪೆನ್ಸಿಲ್ ಹಿಡಿಯಲಿಲ್ಲ. ನೀನು ಕಿತ್ತುಕೊಂಡದ್ದು ಕೆಲಸ ಅಂತ ನೀನು ತಿಳಿದಿದ್ದೀಯ. ಕೆಲಸ ನನಗೆ ಬೇರೆ ಸಿಕ್ಕಿತು.

ಇನ್ನು ಈ ವರ್ಷದ ಮಾತು. ಆ ಪಾದ ತಪ್ಪು ಅಂತಿದ್ದಾಗ ಅದು ನನ್ನದಾಗಿತ್ತು. ಚೆಂದ ಅಂತ ಗೊತ್ತಾದ ಮೇಲೆ ನೋಡಿದರೆ ನನ್ನದಲ್ಲ. ಆಗ ಕೊಟ್ಟವನೂ ನೀನೇ, ಈಗ ಕಸಿದವನೂ ನೀನೇ. ಇದನ್ನು ಯೋಚನೆ ಮಾಡುತ್ತ ಒಂದು ವಾರ ಕೂತೆ. ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಒಲೆಯವರೆಗೂ ಒಮ್ಮೆ ಹೋಗಿದ್ದೆ. ನಿನ್ನ ಅಕ್ಕ ಅಲ್ಲಿ ಹಾಲು ಕಾಯಿಸುತ್ತಿದ್ದಳು. "ಏನು ಬೇಕು" ಅಂದಳು. "ನೀರು" ಅಂದೆ.

ಆಮೇಲೆ ಬೇರೆ ಒಂದು ಸಂಶಯ ಬಂತು, ಅದು ಕೆಲಸಗಾರನಿಗೆ ಬರುವ ಸಂಶಯ. ನನ್ನದು ಸರಿ, ನಿನ್ನದು ತಪ್ಪು, ಅದು ತೀರ್ಮಾನವಾಯಿತು. ಆದರೆ ಓದುವುದಕ್ಕೆ ಯಾವುದು ಒಳ್ಳೆಯದು? ಪೆನ್ಸಿಲ್ ತಂದೆ. ಒಂದೇ ವಾಕ್ಯವನ್ನು ಎರಡು ಸಲ ಬರೆದೆ. ಒಂದರಲ್ಲಿ ಹದಿಮೂರನೆಯದಕ್ಕೆ ಪೂರ್ತಿ ಪಾದ, ಇನ್ನೊಂದರಲ್ಲಿ ನೀನು ಕೆಡಿಸಿದ ಪಾದ. ಕೈಗೆ ರೂಢಿ ತಪ್ಪಿ ಹತ್ತಿಪ್ಪತ್ತು ಹಾಳೆ ಹಾಳಾದವು. ಕೊನೆಗೆ ಎರಡನ್ನೂ ಗೋಡೆಗೆ ಅಂಟಿಸಿ, ಯಾವುದು ಯಾರದು ಅಂತ ಹೇಳದೆ, ಬಂದವರಿಗೆಲ್ಲ ದೂರದಿಂದ ಓದಿಸಿದೆ. ಅಂಚೆಯವನು, ಟೀಚರು, ಹಾಲಿನವಳು, ಮೇಲಿನ ಮನೆಯ ವಕೀಲರು, ಹೀಗೆ ಒಂಬತ್ತು ಜನ. ಯಾವುದು ಓದಲು ಹಿತ ಅಂತ ಕೇಳಿದೆ. ಎಂಟು ಜನ ನಿನ್ನದನ್ನು ತೋರಿಸಿದರು. ಒಂಬತ್ತನೆಯವಳು ನಿನ್ನ ಅಕ್ಕ. ಅವಳು ಗೋಡೆ ನೋಡಲಿಲ್ಲ, ನನ್ನ ಮುಖ ನೋಡಿ ನನ್ನದನ್ನು ತೋರಿಸಿದಳು.

ಹತ್ತನೆಯವನು ನಾನು. ಕನ್ನಡಕ ಒರೆಸಿಕೊಂಡು ಬಾಗಿಲ ಹತ್ತಿರ ನಿಂತು ಓದಿದೆ. ಪೂರ್ತಿ ಪಾದ ಇಟ್ಟರೆ ಅದು ದಾರಿಗೆ ಅಡ್ಡ ಕಾಲು ಚಾಚಿ ಕೂತವರ ಹಾಗೆ ಇದೆ. ಅದನ್ನು ಬರೆಯುವಾಗ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಇಷ್ಟನ್ನು ಒಪ್ಪಿಕೊಳ್ಳುವುದಕ್ಕೆ ಆಗಸ್ಟ್ ತಿಂಗಳು ಪೂರ್ತಿ ಬೇಕಾಯಿತು.

ಸಭೆಯಲ್ಲಿ ಸುಮಾರು ಅರವತ್ತು ಜನ ಇದ್ದರು. ಹಾಳೆ ಎತ್ತಿ ತೋರಿಸಿದೆ. "ನಾನು ಪಾದವನ್ನ ಪೂರ್ತಿ ಬರೆದಿದ್ದೆ. ಕೊರೆಯುವಾಗ ನನ್ನ ಹೆಂಡತಿಯ ತಮ್ಮನ ಅರ ಜಾರಿತು. ನೀವೆಲ್ಲ ಇಷ್ಟು ವರ್ಷ ಓದಿದ್ದು ಅವನ ಕೈ ಜಾರಿದ್ದನ್ನ" ಅಂದೆ. ನೀನು ಸುಳ್ಳು ಹೇಳಿದ್ದನ್ನೂ ಹೇಳಿದೆ, ಬಿಡಲಿಲ್ಲ. ಆ ಹೆಣ್ಣುಮಗಳು ಎದ್ದು "ಹಾಗಾದರೆ ಏನ್ಮಾಡೋದು ಸರ್, ನಿಮ್ಮ ಹಾಳೆ ಪ್ರಕಾರ ಸರಿ ಮಾಡಿಬಿಡೋಣವಾ?" ಅಂದಳು. ಪಾಪ, ಅವಳ ಮುಖ ಬಾಡಿತ್ತು. "ಬೇಡ ತಾಯಿ, ಹಾಗೇ ಇರಲಿ. ಅದು ನನ್ನದಕ್ಕಿಂತ ಚೆನ್ನಾಗಿ ಓದಿಸುತ್ತೆ" ಅಂದೆ. ನಾಲ್ಕು ಕಾರಣಗಳ ಭಾಷಣ ಎರಡು ಸಾಲಿನಲ್ಲಿ ಮುಗಿಯಿತು. ನಿನ್ನ ಅಕ್ಕ ಚಪ್ಪಾಳೆ ತಟ್ಟಲಿಲ್ಲ, ಅಳುತ್ತಿದ್ದಳು.

ದಾಖಲೆ ಪುಸ್ತಕದಲ್ಲಿ ನನ್ನ ಮಾತನ್ನೇ ಬರೆದಿದ್ದಾರೆ: ಬರೆದವನ ಹಾಳೆಯಲ್ಲಿ ಬಲಪಾದ ಪೂರ್ತಿ ಇದೆ, ಉಕ್ಕಿನಲ್ಲಿ ಕೊರೆಯುವಾಗ ತುದಿ ಹೋಯಿತು, ಹಾಗೆಯೇ ಉಳಿಸಬೇಕೆಂದು ಬರೆದವನು ಕೇಳಿಕೊಂಡಿದ್ದಾನೆ. ಕೆಳಗೆ ಇಬ್ಬರ ಹೆಸರೂ ಇದೆ, ನನ್ನದು ಮೊದಲು.

ಅಕ್ಷರದ ವಿಷಯ ಅಲ್ಲಿಗೆ ಮುಗಿಯಿತು. ಇದನ್ನು ಕ್ಷಮೆ ಅಂತ ತಿಳಿದುಕೊಳ್ಳಬೇಡ. ಆ ಕೆಲಸಕ್ಕೆ ನಾನಿನ್ನೂ ಕೂತಿಲ್ಲ, ಅದು ಒಬ್ಬನೇ ಕೂತು ಮಾಡುವ ಕೆಲಸವೂ ಅಲ್ಲ. ನಿಮ್ಮ ಊರಿನಿಂದ ಬೆಳಿಗ್ಗೆ ಐದೂವರೆಗೆ ಒಂದು ಬಸ್ಸಿದೆ, ಹನ್ನೊಂದಕ್ಕೆ ಇಲ್ಲಿ ಬಿಡುತ್ತದೆ. ಭಾನುವಾರ ಬಾ. ಹನ್ನೊಂದರಿಂದ ಒಂದರವರೆಗೆ ಬೈಯುತ್ತೇನೆ, ಮಧ್ಯೆ ಬಾಯಿ ಹಾಕಬಾರದು. ಒಂದಕ್ಕೆ ಊಟ. ಊಟದ ಮೇಲೂ ಬೈಯುವುದು ಉಳಿದಿದ್ದರೆ ಆ ದಿನ ಇಲ್ಲೇ ಉಳಿದುಕೋ.

ಇಂತಿ,
ಸದ್ಯಕ್ಕೆ ನಿನ್ನ ಅಕ್ಕನ ಗಂಡ